ಮನೆಯಲ್ಲೇ ಕಟ್ಟಿದ 6 ಇಂಚಿನ ಟೆಲಿಸ್ಕೋಪ್: ಟ್ಯಾಂಕ್ ಸ್ಪಷ್ಟ, ಚಂದ್ರ ಮಸುಕು. ಏನು ಮಾಡಲಿ?

ಮಾಳಿಗೆ_ಮಧುಗಿರಿ

ಎಲ್ಲರಿಗೂ ನಮಸ್ಕಾರ. ಮಧುಗಿರಿಯಿಂದ ಬರೆಯುತ್ತಿದ್ದೇನೆ. ನ್ಯೂಟನ್ ಮಾದರಿಯ ಒಂದು ಟೆಲಿಸ್ಕೋಪ್ ಮನೆಯಲ್ಲೇ ಕಟ್ಟಿದ್ದೇನೆ. ಎಲ್ಲಾ ಜೋಡಿಸಿ ಆಯಿತು. ಆದರೆ ಆಕಾಶದಲ್ಲಿ ಯಾವುದೂ ಫೋಕಸ್‌ಗೆ ಬರುತ್ತಿಲ್ಲ.

ಕನ್ನಡಿ 150 ಮಿ.ಮೀ. ಪರಿಚಯದವರೊಬ್ಬರಿಂದ ತೆಗೆದುಕೊಂಡದ್ದು, ಹಿಂಬದಿಯಲ್ಲಿ ಮಾರ್ಕರ್‌ನಲ್ಲಿ ಫೋಕಲ್ ಲೆಂತ್ 1200 ಅಂತ ಬರೆದಿದ್ದಾರೆ. ಓರೆ ಕನ್ನಡಿ 35 ಮಿ.ಮೀ. ಕೊಳವೆಗೆ 200 ಮಿ.ಮೀ. ಪಿವಿಸಿ ಪೈಪು. ಐಪೀಸನ್ನು ಒಳಗೆ ಹೊರಗೆ ಸರಿಸುವ ಫೋಕಸರ್ ಮಾಮೂಲಿ ಹಲ್ಲುಪಟ್ಟಿಯದು, ರ‍್ಯಾಕ್ ಅಂಡ್ ಪಿನಿಯನ್, ಆನ್‌ಲೈನ್‌ನಲ್ಲಿ ತರಿಸಿದೆ. ಕಣ್ಣಿಟ್ಟು ನೋಡುವ ಐಪೀಸ್ ಎರಡಿವೆ, 25 ಮತ್ತು 10 ಮಿ.ಮೀ., ಪ್ಲಾಸೆಲ್ ಮಾದರಿ, ಎರಡೂ ಒಂದೂಕಾಲು ಇಂಚಿನವು.

ಹಗಲು ಹೊತ್ತು ಪಕ್ಕದ ಬೀದಿಯ ಮಾಳಿಗೆ ಮೇಲಿರುವ ನೀರಿನ ಟ್ಯಾಂಕ್ ನೋಡಿದೆ. ಅದರ ಮೇಲಿನ ಅಕ್ಷರ ಓದಲು ಬಂತು, ಮುಚ್ಚಳದ ಮೇಲೆ ಕೂತ ಕಾಗೆಯ ಕೊಕ್ಕೂ ಚೆನ್ನಾಗಿ ಕಂಡಿತು. ಆಗ ಫೋಕಸರ್ ಪೂರ್ತಿ ಒಳಗಿತ್ತು. ಅಲ್ಲಿಂದ ಬೆಟ್ಟದ ಕಡೆ ತಿರುಗಿಸಿದರೆ ಕೋಟೆ ಗೋಡೆ ಮಸುಕು. ರಾತ್ರಿ ಚಂದ್ರನೂ ಮಸುಕು, ಅಂಚೇ ಸಿಗುವುದಿಲ್ಲ, ಕುಳಿಗಳು ಕಾಣುವುದಿಲ್ಲ. ನಕ್ಷತ್ರ ನೋಡಿದರೆ ಉದ್ದಿನ ವಡೆ ತರಹ ನಡುವೆ ತೂತಿರುವ ಬೆಳಕಿನ ಬಿಲ್ಲೆ. ಫೋಕಸರ್ ಒಳಗೆ ತಿರುಗಿಸಿದಷ್ಟೂ ವಡೆ ಸಣ್ಣದಾಗುತ್ತಾ ಬರುತ್ತದೆ, ಆಮೇಲೆ ತಡೆ ಸಿಗುತ್ತದೆ, ಮುಂದೆ ಹೋಗುವುದಿಲ್ಲ.

ಕನ್ನಡಿಯೇ ಕೆಟ್ಟದ್ದು ಅಂತ ಒಬ್ಬರು, ಬೇರೆ ಫೋಕಸರ್ ತರಿಸು ಅಂತ ಇನ್ನೊಬ್ಬರು. ಫೋಕಸರ್‌ನ ಒಳಕೊಳವೆಯನ್ನೇ ಕತ್ತರಿಸಿಬಿಡಲಾ ಅಂತ ನನಗೂ ಅನಿಸುತ್ತಿದೆ. ತಿಳಿದವರು ದಾರಿ ಹೇಳಿ.

ಚಿಂತಾಮಣಿ_ಚುಕ್ಕಿ

ಐಪೀಸಿನ ಮುಂದೆ 2 ಪಟ್ಟಿನ ಬಾರ್ಲೋ ಲೆನ್ಸ್, ಅಂದರೆ ಚಿತ್ರವನ್ನು ಎರಡು ಪಟ್ಟು ದೊಡ್ಡದು ಮಾಡುವ ಲೆನ್ಸ್, ಹಾಕಿ ನೋಡಿ. ಬಾರ್ಲೋ ಫೋಕಸ್ ಆಗುವ ಜಾಗವನ್ನು ಹೊರಗಡೆಗೆ ತಳ್ಳುತ್ತದೆ. ನನ್ನ ಚಿಕ್ಕ ಟೆಲಿಸ್ಕೋಪಿನಲ್ಲಿ ಕ್ಯಾಮೆರಾ ಹಾಕುವಾಗ ಹಾಗೇ ಮಾಡುತ್ತೇನೆ. ಯಾವುದನ್ನೂ ಬಿಚ್ಚುವ ತಾಪತ್ರಯ ಇಲ್ಲ.

ಲೇತ್_ತುಮಕೂರು

ದಯವಿಟ್ಟು ಏನನ್ನೂ ಕತ್ತರಿಸಬೇಡಿ, ಏನನ್ನೂ ಕೊಳ್ಳಬೇಡಿ. ಟ್ಯಾಂಕ್ ಚೆನ್ನಾಗಿ ಕಂಡಿತು ಅಂತ ಬರೆದಿದ್ದೀರಲ್ಲ, ಆ ಸಾಲಿನಲ್ಲೇ ಉತ್ತರ ಇದೆ. ಕನ್ನಡಿ ಕೆಟ್ಟದ್ದಾಗಿದ್ದರೆ ಕಾಗೆಯ ಕೊಕ್ಕು ಕಾಣುತ್ತಲೇ ಇರಲಿಲ್ಲ. ಐಪೀಸೂ ಸರಿ ಇದೆ. ಫೋಕಸರ್ ಇನ್ನೂ ಒಳಗೆ ಹೋಗಬೇಕು, ಅದಕ್ಕೆ ಜಾಗ ಇಲ್ಲ. ಇಷ್ಟೇ ವಿಷಯ.

ಅಂತರಸನಹಳ್ಳಿಯಲ್ಲಿ ನನ್ನದು ಲೇತ್ ಕೆಲಸ. ಟೆಲಿಸ್ಕೋಪ್ ಕಟ್ಟುವವರು ಒಳಕೊಳವೆ, ಅಡಾಪ್ಟರ್ ಅಂತ ಕಡೆಸಿಕೊಳ್ಳಲು ಬರುತ್ತಾರೆ. ಬಂದವರಲ್ಲಿ ಜಾಸ್ತಿ ಜನ ಚಿತ್ರವನ್ನು ಸ್ಪಷ್ಟ ಮಾಡುವುದು ಫೋಕಸರ್ ಅಂದುಕೊಂಡಿರುತ್ತಾರೆ. ಹಾಗಲ್ಲ. ಚಿತ್ರ ಮಾಡುವುದು ದೊಡ್ಡ ಕನ್ನಡಿ. ಅದು ತನ್ನ ಫೋಕಲ್ ಲೆಂತ್ ಎಷ್ಟಿದೆಯೋ ಅಷ್ಟು ದೂರದಲ್ಲಿ, ಗಾಳಿಯಲ್ಲೇ, ಒಂದು ಪುಟ್ಟ ಚಿತ್ರ ಮೂಡಿಸುತ್ತದೆ. ಆ ಜಾಗದಲ್ಲಿ ಬಟರ್ ಪೇಪರ್ ಹಿಡಿದರೆ ಚಂದ್ರ ಅದರ ಮೇಲೆ ಬೀಳುತ್ತಾನೆ. ನಿಮ್ಮ 1200 ಮಿ.ಮೀ. ಕನ್ನಡಿಯಲ್ಲಿ ಸುಮಾರು 11 ಮಿ.ಮೀ. ಅಗಲದ ಚಂದ್ರ. ಓರೆ ಕನ್ನಡಿ ಆ ಬೆಳಕನ್ನು ಪಕ್ಕಕ್ಕೆ ತಿರುಗಿಸಿ ಪೈಪಿನ ಹೊರಗೆ ತರುತ್ತದೆ. ಐಪೀಸು ಆ 11 ಮಿ.ಮೀ. ಚಿತ್ರವನ್ನು ಹತ್ತಿರದಿಂದ ನೋಡಲು ಇರುವ ಭೂತಗನ್ನಡಿ. ಇನ್ನು ಫೋಕಸರ್ ಕೆಲಸ ಒಂದೇ, ಭೂತಗನ್ನಡಿಯನ್ನು ಚಿತ್ರ ಇರುವ ಜಾಗಕ್ಕೆ ಒಯ್ದು ನಿಲ್ಲಿಸುವುದು. ಚಿತ್ರ ಎಲ್ಲಿ ಬೀಳಬೇಕು ಅನ್ನುವುದು ಫೋಕಸರ್ ಕೈಯಲ್ಲಿಲ್ಲ. ಅದು ಕನ್ನಡಿ ಮತ್ತು ನೀವು ಕನ್ನಡಿ ಕೂರಿಸಿದ ಜಾಗದ ಕೈಯಲ್ಲಿದೆ.

ಟ್ಯಾಂಕ್ ಯಾಕೆ ಕಂಡಿತು ಅಂತೀರಾ? 1200 ಅನ್ನುವ ಲೆಕ್ಕ ಬಹಳ ದೂರದ ವಸ್ತುಗಳಿಗೆ. ವಸ್ತು ಹತ್ತಿರ ಬಂದಷ್ಟೂ ಚಿತ್ರ ಕನ್ನಡಿಯಿಂದ ದೂರ ಸರಿಯುತ್ತದೆ, ಅಂದರೆ ಫೋಕಸರ್ ಹೊರಗೆ ಬರಬೇಕಾಗುತ್ತದೆ. ಎಷ್ಟು ಸರಿಯುತ್ತದೆ ಅನ್ನುವುದಕ್ಕೆ ಸುಲಭದ ಲೆಕ್ಕ ಇದೆ. ಫೋಕಲ್ ಲೆಂತನ್ನು ಅದರಿಂದಲೇ ಗುಣಿಸಿ, ವಸ್ತುವಿನ ದೂರದಿಂದ ಭಾಗಿಸಿ, ಎಲ್ಲವೂ ಮಿ.ಮೀ. ಲೆಕ್ಕದಲ್ಲಿ. ಟ್ಯಾಂಕ್ 60 ಮೀಟರ್ ದೂರ ಇದೆ ಅಂತಿಟ್ಟುಕೊಳ್ಳಿ. 1200 ಗುಣಿಸು 1200, ಭಾಗಿಸು 60000. ಉತ್ತರ 24 ಮಿ.ಮೀ. ಕೋಟೆ ಗೋಡೆ ಒಂದು ಕಿಲೋಮೀಟರ್ ಇದ್ದರೆ ಒಂದೂವರೆ ಮಿ.ಮೀ. ಕೂಡ ಇಲ್ಲ. ಚಂದ್ರನಿಗೆ ಸೊನ್ನೆ. ಅದಕ್ಕೇ ಕೋಟೆ ಮತ್ತು ಚಂದ್ರ ಎರಡೂ ಒಂದೇ ತರಹ ಮಸುಕು, ಟ್ಯಾಂಕ್ ಒಂದು ಮಾತ್ರ ಸ್ಪಷ್ಟ. ಫೋಕಸರ್ ಪೂರ್ತಿ ಒಳಗಿದ್ದಾಗ ಟ್ಯಾಂಕ್ ಸರಿಯಾಗಿ ಕೂತಿತು ಅಂದರೆ, ಚಂದ್ರನಿಗೆ ಅಲ್ಲಿಂದ ಇನ್ನೂ ಸುಮಾರು 24 ಮಿ.ಮೀ. ಒಳಗೆ ಹೋಗಬೇಕು.

ವಡೆ ಸಣ್ಣದಾಗುತ್ತಾ ಬಂದು ತಡೆ ಸಿಕ್ಕಿತು ಅಂದಿರಿ. ಅದೂ ಇದನ್ನೇ ಹೇಳುತ್ತಿದೆ. ಒಳಗೆ ಹೋದಾಗ ಸಣ್ಣದಾದರೆ ಇನ್ನೂ ಒಳಗೆ ಬೇಕು. ಹೊರಗೆ ಎಳೆದಾಗ ಸಣ್ಣದಾದರೆ ಹೊರಗೆ ಬೇಕು, ಆಗ ಐಪೀಸನ್ನು ಕೈಯಲ್ಲಿ ಸ್ವಲ್ಪ ಹೊರಗೆ ಹಿಡಿದು ನೋಡಿದರೂ ಗೊತ್ತಾಗಿಬಿಡುತ್ತದೆ. ಮಸುಕಿಗೆ ಯಾವತ್ತೂ ಒಂದು ದಿಕ್ಕು ಇರುತ್ತದೆ. ಮೊದಲು ದಿಕ್ಕು ತಿಳಿದುಕೊಳ್ಳಿ, ಆಮೇಲೆ ಅಳತೆ. ಡ್ರಿಲ್ ಮುಟ್ಟುವುದು ಕೊನೆಗೆ.

ಬಾರ್ಲೋ ವಿಷಯ. ಚಿಂತಾಮಣಿಯವರು ಹೇಳಿದ್ದು ತಪ್ಪಲ್ಲ, ಬಾರ್ಲೋ ನಿಜವಾಗಿಯೂ ಫೋಕಸನ್ನು ಹೊರಗೆ ತಳ್ಳುತ್ತದೆ. ಆದರೆ ನಿಮ್ಮ 25 ಮಿ.ಮೀ. ಐಪೀಸು ಈಗ 48 ಪಟ್ಟು ತೋರಿಸುತ್ತದೆ, ಸುಮಾರು ಒಂದು ಡಿಗ್ರಿ ಆಕಾಶ, ಎರಡು ಚಂದ್ರ ಪಕ್ಕಪಕ್ಕ ಹಿಡಿಯುವಷ್ಟು. ಬಾರ್ಲೋ ಹಾಕಿದರೆ 96 ಪಟ್ಟು. ಅಗಲದ ನೋಟ ಶಾಶ್ವತವಾಗಿ ಕೈಬಿಟ್ಟಂತೆ. ಒಂದು ಕಡೆಯ ಅಳತೆ ಸರಿಮಾಡಿದರೆ ಹೋಗುವ ತೊಂದರೆಗೆ ಅಷ್ಟು ದೊಡ್ಡ ಬೆಲೆ ಯಾಕೆ?

ಈಗ ನನಗೆ ನಾಲ್ಕು ಅಳತೆ ಬೇಕು. ದೊಡ್ಡ ಕನ್ನಡಿಯ ನಡುವಿನಿಂದ ಓರೆ ಕನ್ನಡಿಯ ನಡುವಿಗೆ ಎಷ್ಟು? ಫೋಕಸರ್ ಪೂರ್ತಿ ಒಳಗಿದ್ದಾಗ ಪೈಪಿನ ಹೊರಮೈಯಿಂದ ಐಪೀಸು ಕೂರುವ ಅಂಚಿಗೆ ಎಷ್ಟು ಎತ್ತರ? ಫೋಕಸರ್ ಒಟ್ಟು ಎಷ್ಟು ಓಡುತ್ತದೆ? ಮತ್ತೆ ಕನ್ನಡಿಯ ನಿಜವಾದ ಫೋಕಲ್ ಲೆಂತ್. ಮಾರ್ಕರ್‌ನಲ್ಲಿ ಬರೆದದ್ದನ್ನು ನಂಬಬೇಡಿ. ಕೈಯಲ್ಲಿ ಉಜ್ಜಿದ ಕನ್ನಡಿ 20, 30 ಮಿ.ಮೀ. ಅತ್ತಿತ್ತ ಇರುವುದು ಮಾಮೂಲು.

ಅದನ್ನು ಅಳೆಯುವುದು ಹೀಗೆ. ರಾತ್ರಿ ಕೋಣೆಯ ದೀಪ ಆರಿಸಿ. ಕನ್ನಡಿಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಟಾರ್ಚ್ ಮುಂದೆ ದಪ್ಪ ರಟ್ಟು ಕಟ್ಟಿ, ರಟ್ಟಿಗೆ ಸೂಜಿಯಲ್ಲಿ ಒಂದು ತೂತು ಮಾಡಿ. ಆ ಟಾರ್ಚ್ ಹಿಡಿದು ಕನ್ನಡಿ ಎದುರು ಎರಡೂವರೆ ಮೀಟರ್ ಸುಮಾರಿಗೆ ನಿಲ್ಲಿ. ತೂತಿನ ಬೆಳಕು ಕನ್ನಡಿಗೆ ಹೋಗಿ ವಾಪಸ್ ಬಂದು ತೂತಿನ ಪಕ್ಕದಲ್ಲೇ ರಟ್ಟಿನ ಮೇಲೆ ಬೀಳುತ್ತದೆ. ಹಿಂದೆ ಮುಂದೆ ಸರಿದು, ಆ ಚುಕ್ಕೆ ಅತಿ ಚಿಕ್ಕದಾಗಿ ಚೂಪಾಗಿ ಕಾಣುವಲ್ಲಿ ನಿಂತು ಟೇಪ್ ಹಿಡಿಯಿರಿ. ಅದು ಫೋಕಲ್ ಲೆಂತಿನ ಎರಡರಷ್ಟು. ಅರ್ಧ ಮಾಡಿ.

ಬಿಸಿಲಲ್ಲಿ ಕನ್ನಡಿ ಹಿಡಿದು ಸೂರ್ಯನ ಚಿತ್ರ ಬೀಳುವ ಜಾಗ ಅಳೆಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 150 ಮಿ.ಮೀ. ಕನ್ನಡಿ ಸೇರಿಸುವ ಬಿಸಿಲು ಕಾಗದ ಸುಡುತ್ತದೆ, ಕಣ್ಣು ಹೋದರೆ ವಾಪಸ್ ಬರುವುದಿಲ್ಲ. ಹಗಲಲ್ಲಿ ಟ್ಯಾಂಕ್ ನೋಡುವಾಗಲೂ ಸೂರ್ಯನ ಕಡೆ ಬೆನ್ನು ಹಾಕಿಯೇ ನಿಲ್ಲಿ. ಕೆಲಸ ಮುಗಿದ ಕೂಡಲೇ ಪೈಪಿನ ಬಾಯಿ ಮುಚ್ಚಿ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ.

ಮಾಳಿಗೆ_ಮಧುಗಿರಿ

ಸರ್, ತುಂಬಾ ಧನ್ಯವಾದ. ಎಲ್ಲಾ ಅಳೆದೆ. ಟಾರ್ಚ್ ವಿಧಾನದಲ್ಲಿ 2396 ಬಂತು, ಅಂದರೆ ಫೋಕಲ್ ಲೆಂತ್ 1198. ದೊಡ್ಡ ಕನ್ನಡಿಯಿಂದ ಓರೆ ಕನ್ನಡಿಗೆ 1050. ಫೋಕಸರ್ ಪೂರ್ತಿ ಒಳಗಿದ್ದಾಗ ಎತ್ತರ 75. ಒಟ್ಟು ಓಟ 40. ಟ್ಯಾಂಕ್ ದೂರ ಹೆಜ್ಜೆ ಹಾಕಿ ನೋಡಿದೆ, ನೀವು ಹೇಳಿದ 60 ಮೀಟರ್‌ಗೆ ಹತ್ತಿರವೇ ಇದೆ.

ದೊಡ್ಡ ಕನ್ನಡಿ ಒಂದು ಪ್ಲೈವುಡ್ ಬಿಲ್ಲೆಯ ಮೇಲಿದೆ, ಹಿಂದೆ ಮೂರು ಬೋಲ್ಟ್ ಮತ್ತು ಸ್ಪ್ರಿಂಗ್. ಆ ಬಿಲ್ಲೆ ಪೈಪಿಗೆ ಪಕ್ಕದಿಂದ ಮೂರು ಸ್ಕ್ರೂಗಳಲ್ಲಿ ಕೂತಿದೆ.

ಲೇತ್_ತುಮಕೂರು

ಚೆನ್ನಾಗಿ ಅಳೆದಿದ್ದೀರಿ. ಈಗ ನೋಡಿ, ಎಲ್ಲಾ ಹೇಗೆ ಕೂಡಿ ಬರುತ್ತದೆ ಅಂತ.

ಬೆಳಕು ಒಟ್ಟು 1198 ಓಡಬೇಕು. ಅದರಲ್ಲಿ 1050 ಓರೆ ಕನ್ನಡಿ ತಲುಪುವಷ್ಟರಲ್ಲೇ ಮುಗಿಯಿತು. ಉಳಿದದ್ದು 148. ಓರೆ ಕನ್ನಡಿ ಪೈಪಿನ ನಡುವೆ ಇದೆ. ಅಲ್ಲಿಂದ ಹೊರಮೈಗೆ 100. ಅಂದರೆ ಚಂದ್ರನ ಚಿತ್ರ ಬೀಳುವುದು ಪೈಪಿನ ಮೇಲೆ 48 ಮಿ.ಮೀ. ಎತ್ತರದಲ್ಲಿ. ನಿಮ್ಮ ಐಪೀಸು 75ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಕೊರತೆ 27. ಟ್ಯಾಂಕ್ ಲೆಕ್ಕದಲ್ಲಿ 24 ಬಂದಿತ್ತು. ಎರಡು ಬೇರೆ ಬೇರೆ ದಾರಿಯಲ್ಲಿ ಹೋಗಿ ಮೂರು ಮಿ.ಮೀ. ಒಳಗೆ ಸೇರಿದೆವು. ಹೆಜ್ಜೆಯಲ್ಲಿ ಅಳೆದ ದೂರ, ಐಪೀಸಿನ ಒಳಗಿನ ಜಾಗ, ಇವುಗಳಿಂದ ಅಷ್ಟು ವ್ಯತ್ಯಾಸ ಬರುವುದು ಸಹಜ. ನನಗೆ ಇಂಥ ಲೆಕ್ಕ ಕೂಡಿ ಬಂದಾಗ ಆಗುವ ಸಂತೋಷ ಬೇರೆ ಯಾವ ಕೆಲಸದಲ್ಲೂ ಆಗುವುದಿಲ್ಲ.

ಐಪೀಸನ್ನು ಚಿತ್ರದ ಹತ್ತಿರ ಇಳಿಸಲು ಆಗದಿದ್ದರೆ ಚಿತ್ರವನ್ನೇ ಐಪೀಸಿನ ಹತ್ತಿರ ಎತ್ತೋಣ. ದೊಡ್ಡ ಕನ್ನಡಿಯನ್ನು ಪೈಪಿನಲ್ಲಿ ಮುಂದಕ್ಕೆ ಸರಿಸಿ. ಎಷ್ಟು ಸರಿಸುತ್ತೀರೋ ಚಿತ್ರ ಅಷ್ಟೇ ಹೊರಗೆ ಬರುತ್ತದೆ. ಕೊರತೆ 27, ಅದರ ಮೇಲೆ 10 ಸೇರಿಸಿ, 37 ಮಿ.ಮೀ. ಆ 10 ಯಾಕೆ ಅಂದರೆ, ಬೇರೆ ಐಪೀಸು ಹಾಕಿದಾಗ, ಕನ್ನಡಕದವರು ನೋಡಿದಾಗ, ಇನ್ನೂ ಸ್ವಲ್ಪ ಒಳಗೆ ಹೋಗಲು ಜಾಗ ಇರಬೇಕು. ಹಾಗೆ ಮಾಡಿದರೆ ಚಂದ್ರ ಸಿಗುವುದು ಫೋಕಸರ್ 10 ಮಿ.ಮೀ. ಹೊರಗೆ ಬಂದಾಗ. ಟ್ಯಾಂಕಿಗೆ ಅಲ್ಲಿಂದ ಇನ್ನೂ 24, ಅಂದರೆ 34. ನಿಮ್ಮ ಓಟ 40 ಇದೆ. ಕಾಗೆಯೂ ಕೈಬಿಡುವುದಿಲ್ಲ.

ಉದ್ದದ ಬೋಲ್ಟ್ ಹಾಕಿ 37 ಮಿ.ಮೀ. ಎತ್ತುವುದು ಬೇಡ. ಸ್ಪ್ರಿಂಗ್ ಸಡಿಲ ಆಗುತ್ತದೆ, ಟೆಲಿಸ್ಕೋಪ್ ತಿರುಗಿಸಿದಾಗಲೆಲ್ಲ ಕನ್ನಡಿ ಅಲ್ಲಾಡುತ್ತದೆ. ಪಕ್ಕದ ಮೂರು ಸ್ಕ್ರೂ ಬಿಚ್ಚಿ, ಬಿಲ್ಲೆಯನ್ನೇ ಮುಂದಕ್ಕೆ ತಳ್ಳಿ, ಪೈಪಿನಲ್ಲಿ ಹೊಸ ತೂತು ಹಾಕಿ. ತೂತು ಹಾಕುವ ಮೊದಲು ಕನ್ನಡಿ ತೆಗೆದು ಒಳಗಿಡಿ. ಪಿವಿಸಿ ಪುಡಿ ಕನ್ನಡಿ ಮೇಲೆ ಬಿದ್ದರೆ ಒರೆಸುವಾಗ ಗೀರು ಬೀಳುತ್ತದೆ. ಮೂರೂ ತೂತು ಒಂದೇ ಮಟ್ಟದಲ್ಲಿ ಬರಬೇಕು. ಅದಕ್ಕೆ ಒಂದು ನ್ಯೂಸ್‌ಪೇಪರ್ ಹಾಳೆಯನ್ನು ಪೈಪಿನ ಸುತ್ತ ಬಿಗಿಯಾಗಿ ಸುತ್ತಿ. ಹಾಳೆಯ ಅಂಚು ತನ್ನ ಮೇಲೆ ತಾನೇ ಸರಿಯಾಗಿ ಬಂದು ಕೂತರೆ ಆ ಅಂಚು ನೇರ ಇದೆ ಅಂತ ಅರ್ಥ. ಅದರ ಉದ್ದಕ್ಕೂ ಪೆನ್ಸಿಲ್ ಗೆರೆ ಎಳೆದುಕೊಳ್ಳಿ. ಹಿಂದೆ ಉಳಿಯುವ ಪೈಪನ್ನು ಕತ್ತರಿಸಬೇಡಿ, ಅದು ಕನ್ನಡಿಗೆ ಧೂಳು, ಪೆಟ್ಟು ತಾಗದಂತೆ ಕಾಯುತ್ತದೆ. ಕೆಲಸ ಆದ ಮೇಲೆ ತೂಕದ ಸಮತೋಲ ಸ್ವಲ್ಪ ಮುಂದಕ್ಕೆ ಹೋಗಿರುತ್ತದೆ, ಹಿಂಬದಿಗೆ ಚಿಕ್ಕ ತೂಕ ಕಟ್ಟಿದರೆ ಸಾಕು. ಕನ್ನಡಿಗಳನ್ನು ಮತ್ತೆ ನೇರಕ್ಕೆ ಹೊಂದಿಸಿಕೊಳ್ಳುವುದು ಮರೆಯಬೇಡಿ.

ಓರೆ ಕನ್ನಡಿ ಸಾಲುತ್ತದಾ ಅಂತಲೂ ನೋಡಿದೆ. ಮುಂದೆ ಸರಿಸಿದ ಮೇಲೆ ಅದರಿಂದ ಚಿತ್ರಕ್ಕೆ 185 ಮಿ.ಮೀ. ಆಗುತ್ತದೆ. ಕನ್ನಡಿ ಎಫ್/8, ಅಂದರೆ ಫೋಕಲ್ ಲೆಂತ್ ಕನ್ನಡಿಯ ಅಗಲದ ಎಂಟರಷ್ಟು, ಆದ್ದರಿಂದ ಅಲ್ಲಿ ಬೆಳಕಿನ ಶಂಕುವಿನ ಅಗಲ 185ನ್ನು 8ರಿಂದ ಭಾಗಿಸಿದಷ್ಟು, ಸುಮಾರು 23. ನಡುವಿನ 10 ಮಿ.ಮೀ. ಚಿತ್ರಕ್ಕೆ ಪೂರ್ತಿ ಬೆಳಕು ಬೇಕು ಅಂದರೆ 32 ಸುಮಾರು. ನಿಮ್ಮದು 35. ಚೆನ್ನಾಗಿಯೇ ಸಾಲುತ್ತದೆ.

ಫೋಕಸರ್‌ನ ಒಳಕೊಳವೆ ಕತ್ತರಿಸುವ ಯೋಚನೆ ಬಿಟ್ಟುಬಿಡಿ. ಅದರಿಂದ ಐಪೀಸು ಕೂರುವ ಅಂಚು ಕೆಳಗೆ ಇಳಿಯುವುದಿಲ್ಲ. ಕೆಳತುದಿ ಗಿಡ್ಡ ಆಗುತ್ತದೆ ಅಷ್ಟೇ.

ಮೇಡಂ_ಕೋಲಾರ

ಈ ಚರ್ಚೆ ತುಂಬಾ ಉಪಯೋಗವಾಯಿತು. ನಾನು ಕೋಲಾರದಲ್ಲಿ ಹೈಸ್ಕೂಲಿಗೆ ವಿಜ್ಞಾನ ಹೇಳುತ್ತೇನೆ. ನಮ್ಮ ಮಕ್ಕಳು ಐಪೀಸನ್ನೂ ತಾವೇ ಮಾಡುತ್ತಿದ್ದಾರೆ, ರಾಮ್ಸ್‌ಡನ್ ಮಾದರಿ. ಒಂದು ಬದಿ ಚಪ್ಪಟೆ ಇರುವ ಎರಡು ಲೆನ್ಸ್, ಎರಡೂ 40 ಮಿ.ಮೀ. ಫೋಕಲ್ ಲೆಂತಿನವು. ಉಬ್ಬಿದ ಮೈಗಳು ಎದುರುಬದುರು, ನಡುವೆ 27 ಮಿ.ಮೀ. ಅಂತರ. ಕಾರ್ಡ್‌ಶೀಟ್ ಸುತ್ತಿ ಕೊಳವೆ ಮಾಡಿ, ಒಳಗೆ ಕಪ್ಪು ಬಣ್ಣ ಹಚ್ಚಿದ್ದಾರೆ. ಕೊಂಡು ತಂದ ಪ್ಲಾಸೆಲ್ ಮತ್ತು ನಮ್ಮ ಈ ಐಪೀಸು ಒಂದೇ ಜಾಗದಲ್ಲಿ ಫೋಕಸ್ ಆಗುವುದಿಲ್ಲ. ಇದೂ ಅದೇ ಕಾರಣವಾ?

ಲೇತ್_ತುಮಕೂರು

ಮೇಡಂ, ಮಕ್ಕಳ ಕೈಯಲ್ಲಿ ಐಪೀಸು ಮಾಡಿಸುತ್ತಿದ್ದೀರಿ ಅಂತ ಓದಿ ಬಹಳ ಖುಷಿಯಾಯಿತು. ಎಫ್/8 ಕನ್ನಡಿಗೆ ರಾಮ್ಸ್‌ಡನ್ ಚೆನ್ನಾಗಿಯೇ ನಡೆಯುತ್ತದೆ. ಜೆಸ್ಸಿ ರಾಮ್ಸ್‌ಡನ್ 1782ರಲ್ಲಿ ಕೊಟ್ಟ ಮಾದರಿ, ಇವತ್ತಿಗೂ ಶಾಲೆಯ ಮೇಜಿನ ಮೇಲೆ ಮಾಡಬಹುದಾದಷ್ಟು ಸರಳ.

ಹೌದು, ಕಾರಣ ಅದೇ. ಕನ್ನಡಿಯ ಚಿತ್ರ ಎಲ್ಲಿ ಬಿದ್ದರೆ ಸ್ಪಷ್ಟ ಕಾಣುತ್ತದೆ ಅನ್ನುವ ಒಂದು ಜಾಗ ಪ್ರತಿ ಐಪೀಸಿನಲ್ಲೂ ಇರುತ್ತದೆ. ನೋಟದ ಅಂಚನ್ನು ಚೂಪಾಗಿ ಕತ್ತರಿಸುವ ಉಂಗುರ ಇರುವುದೂ ಅಲ್ಲೇ, ಅದನ್ನು ಫೀಲ್ಡ್ ಸ್ಟಾಪ್ ಅನ್ನುತ್ತಾರೆ. ಪ್ಲಾಸೆಲ್ಲನ್ನು ತಲೆಕೆಳಗು ಮಾಡಿ ಬ್ಯಾರೆಲ್ ಒಳಗೆ ನೋಡಿದರೆ ಕಣ್ಣಿಗೇ ಕಾಣುತ್ತದೆ, ಕೆಳಗಿನ ಲೆನ್ಸಿಗೆ ಸ್ವಲ್ಪ ಮುಂಚೆ ಒಂದು ಕಪ್ಪು ಬಳೆ. ನಿಮ್ಮ ರಾಮ್ಸ್‌ಡನ್‌ನಲ್ಲಿ ಎರಡು 40ರ ಲೆನ್ಸ್ 27 ಅಂತರದಲ್ಲಿ ಇರುವುದರಿಂದ ಐಪೀಸಿನ ಫೋಕಲ್ ಲೆಂತ್ 30 ಆಗುತ್ತದೆ, ಮತ್ತು ಚಿತ್ರ ಬೀಳಬೇಕಾದ ಜಾಗ ಮೊದಲ ಲೆನ್ಸಿನ ಮುಂದೆ 10 ಮಿ.ಮೀ. ಅಲ್ಲಿಗೆ ಒಂದು ಕಪ್ಪು ರಟ್ಟಿನ ಉಂಗುರ ಹಾಕಿಸಿ, ನೋಟದ ಅಂಚು ಅಂದವಾಗಿ ಬರುತ್ತದೆ. ಹೈಗೆನ್ಸ್ ಎಂಬ ಇನ್ನೊಂದು ಐಪೀಸ್ ಮಾದರಿಯಲ್ಲಾದರೆ ಈ ಜಾಗ ಎರಡು ಲೆನ್ಸುಗಳ ನಡುವೆ, ಐಪೀಸಿನ ಹೊಟ್ಟೆಯೊಳಗೆ ಬರುತ್ತದೆ. ಅದಕ್ಕೇ ಹೈಗೆನ್ಸನ್ನು ಭೂತಗನ್ನಡಿಯ ಹಾಗೆ ಹಿಡಿದು ಪುಸ್ತಕ ಓದಲು ಆಗುವುದಿಲ್ಲ, ರಾಮ್ಸ್‌ಡನ್‌ನಲ್ಲಿ ಓದಬಹುದು. ಮಕ್ಕಳಿಗೆ ಇದನ್ನು ತೋರಿಸಿ, ಪಾಠ ತಾನಾಗಿಯೇ ಅರ್ಥವಾಗುತ್ತದೆ.

ಇನ್ನೂ ಒಂದು ಮಾತು. ಲೆನ್ಸುಗಳ ಅಂತರವನ್ನು ಪೂರ್ತಿ 40 ಇಟ್ಟರೆ ಬಣ್ಣದ ಅಂಚು ಕಡಿಮೆ ಆಗುತ್ತದೆ ಅಂತ ಪುಸ್ತಕದ ಲೆಕ್ಕ ಹೇಳುತ್ತದೆ. ಆದರೆ ಆಗ ಫೋಕಸ್ ಜಾಗ ಲೆನ್ಸಿನ ಮೇಲೆಯೇ ಬಂದು, ಗಾಜಿನ ಮೇಲಿನ ಪ್ರತಿ ಧೂಳಿನ ಕಣವೂ ಚಂದ್ರನ ಜೊತೆಗೆ ಕಾಣುತ್ತದೆ. ನೀವು ಇಟ್ಟಿರುವ 27 ಸರಿಯಾದ ಅಂತರ.

ಮಕ್ಕಳು ಫೋಕಸರ್ ಕೂಡ ಮಾಡುವುದಾದರೆ ಹಲ್ಲುಪಟ್ಟಿ ಹುಡುಕಬೇಡಿ. ಒಂದರೊಳಗೆ ಒಂದು ಜಾರುವ ಎರಡು ಕೊಳವೆ ಸಾಕು. ಐಪೀಸ್ ಬ್ಯಾರೆಲ್ 31.75 ಮಿ.ಮೀ. ಇರುತ್ತದೆ, ಒಳಗಿನ ಅಳತೆ 32 ಇರುವ ಕೊಳವೆ ಬೇಕು. ವರ್ನಿಯರ್ ಜೇಬಿನಲ್ಲಿಟ್ಟುಕೊಂಡೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ. ಪಿವಿಸಿ ಪೈಪಿನ ಮೇಲೆ ಬರೆದಿರುವುದು ಹೊರಗಿನ ಅಳತೆ, ಒಳಗಿನದು ಗೋಡೆಯ ದಪ್ಪದ ಮೇಲೆ ಹೋಗುತ್ತದೆ. ನಾನು ಮಂಡಿಪೇಟೆಗೆ ಹೋದಾಗಲೆಲ್ಲ ಪೈಪು ಫಿಟ್ಟಿಂಗ್ ರಾಶಿಯಲ್ಲಿ ಒಂದೊಂದನ್ನೇ ಅಳೆಯುತ್ತಾ ನಿಲ್ಲುತ್ತೇನೆ. ಸ್ವಲ್ಪ ಸಡಿಲ ಇದ್ದರೆ ಒಳಗೆ ವೆಲ್ವೆಟ್ ಬಟ್ಟೆ ಅಂಟಿಸಿ, ನಯವಾಗಿ ಜಾರುತ್ತದೆ, ತಾನಾಗಿ ಇಳಿಯುವುದಿಲ್ಲ.

ದೊಡ್ಡ ಮಕ್ಕಳು ಇದ್ದರೆ ಕ್ರೇಫೋರ್ಡ್ ಫೋಕಸರ್ ಮಾಡಿಸಿ. ಇಂಗ್ಲೆಂಡಿನ ಜಾನ್ ವಾಲ್ ಎಂಬ ಹವ್ಯಾಸಿಯ ಮಾದರಿ. ಹಲ್ಲೇ ಇಲ್ಲ. ಕೊಳವೆ ಒಂದು ಕಡೆ ನಾಲ್ಕು ಬೇರಿಂಗ್ ಮೇಲೆ ಒರಗಿರುತ್ತದೆ, ಎದುರು ಕಡೆಯಿಂದ ಒಂದು ಉಕ್ಕಿನ ಸಲಾಕೆ ಒತ್ತುತ್ತದೆ. ಸಲಾಕೆ ತಿರುಗಿಸಿದರೆ ಬರೀ ಉಜ್ಜಾಟದಿಂದ ಕೊಳವೆ ಸರಿಯುತ್ತದೆ. ಹಲ್ಲಿನ ಸಡಿಲ ಇಲ್ಲದ್ದರಿಂದ ದಿಕ್ಕು ಬದಲಿಸಿದಾಗ ಚಿತ್ರ ನೆಗೆಯುವುದಿಲ್ಲ. ನನ್ನ ಮಟ್ಟಿಗೆ ಮನೆಯಲ್ಲಿ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಫೋಕಸರ್ ಇಲ್ಲ.

ಮಾಳಿಗೆ_ಮಧುಗಿರಿ

ಆಯಿತು ಸರ್! ಬಿಲ್ಲೆಯನ್ನು 37 ಮುಂದಕ್ಕೆ ಸರಿಸಿದೆ. ದಶಮಿಯ ಚಂದ್ರ, 25 ಮಿ.ಮೀ. ಐಪೀಸು, ಫೋಕಸರ್ ಸುಮಾರು 10 ಹೊರಗೆ. ನೀವು ಹೇಳಿದ ಜಾಗದಲ್ಲೇ ಸಿಕ್ಕಿತು. 10ರ ಐಪೀಸು ಹಾಕಿ ಕೋಪರ್ನಿಕಸ್ ಕುಳಿ ನೋಡಿದೆ. ಒಳಗೋಡೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕುಸಿದಿರುವುದು, ನಡುವೆ ಇರುವ ಪುಟ್ಟ ಗುಡ್ಡಗಳು, ಎಲ್ಲಾ ಕಂಡಿತು. ಮನೆಯವರೆಲ್ಲ ಸಾಲಾಗಿ ನಿಂತು ನೋಡಿದರು.

ಎರಡು ವಿಷಯ ಕೇಳಬೇಕಿತ್ತು. 10ರಲ್ಲಿ ಫೋಕಸ್ ಹಿಡಿಯುವುದು ಬಹಳ ಕಷ್ಟ. ಗುಂಡಿ ಸ್ವಲ್ಪ ಮುಟ್ಟಿದರೂ ದಾಟಿ ಹೋಗುತ್ತದೆ, ಜೊತೆಗೆ ಎಲ್ಲಾ ಅಲ್ಲಾಡುತ್ತದೆ. ಇನ್ನೊಂದು, ನನ್ನ ತಂಗಿಗೆ ಮೈನಸ್ 4 ಕನ್ನಡಕ. ಅವಳಿಗೆ ಸರಿಮಾಡಿದರೆ ನನಗೆ ಮಸುಕು, ನನಗೆ ಸರಿಮಾಡಿದರೆ ಅವಳಿಗೆ ಮಸುಕು. ಅಮ್ಮ ಓದುವ ಕನ್ನಡಕದವರು, ಅವರಿಗೆ ಏನೂ ತೊಂದರೆ ಆಗಲಿಲ್ಲ.

ಲೇತ್_ತುಮಕೂರು

ಬಹಳ ಬಹಳ ಸಂತೋಷ. ಕೋಪರ್ನಿಕಸ್ ನಡುವಿನ ಗುಡ್ಡ ಕಂಡಿತು ಅಂದರೆ ಆ ಕನ್ನಡಿಯನ್ನು ಇನ್ನು ಯಾರೂ ಕೆಟ್ಟದ್ದು ಅನ್ನಬಾರದು.

ಮೊದಲನೆಯದು. ಎಫ್/8 ಕನ್ನಡಿಯಲ್ಲಿ ಫೋಕಸ್ ಸರಿ ಇದೆ ಅನ್ನಬಹುದಾದ ಜಾಗ ಆ ಕಡೆ ಈ ಕಡೆ 0.07 ಮಿ.ಮೀ. ಮಾತ್ರ. ಬರೆಯುವ ಹಾಳೆಯಷ್ಟು ದಪ್ಪವೂ ಇಲ್ಲ. 25ರಲ್ಲೂ ಇದು ಇಷ್ಟೇ, ಆದರೆ 48 ಪಟ್ಟಿನಲ್ಲಿ ಕಣ್ಣು ಅಷ್ಟು ಸೂಕ್ಷ್ಮವಾಗಿ ಹಿಡಿಯುವುದಿಲ್ಲ, 10ರ ಐಪೀಸಿನ 120 ಪಟ್ಟಿನಲ್ಲಿ ಹಿಡಿಯುತ್ತದೆ. ಕನ್ನಡಿಯ ಎಫ್ ಸಂಖ್ಯೆ ಕಡಿಮೆ ಆದಷ್ಟೂ ಇದು ಇನ್ನೂ ಇಕ್ಕಟ್ಟು. ಎಫ್/5 ಆದರೆ 0.03ಕ್ಕೂ ಕಡಿಮೆ. ಕಾವಲೂರಿನ 2.34 ಮೀಟರ್ ವೈನು ಬಾಪ್ಪು ಟೆಲಿಸ್ಕೋಪ್ ಕನ್ನಡಿ ಎಫ್/3.25, ಅಲ್ಲಿ 0.01 ಮಿ.ಮೀ. ಲೆಕ್ಕ. ಮೊದಲ ಸಲ ಕಟ್ಟುವವರು ಎಫ್/8 ಆರಿಸಿಕೊಂಡರೆ ಒಳ್ಳೆಯದು ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ನಿಮ್ಮಂಥ ಫೋಕಸರ್‌ನ ಚಿಕ್ಕ ಹಲ್ಲುಚಕ್ರ 6 ಮಿ.ಮೀ. ಸುಮಾರು ಇರುತ್ತದೆ. ಗುಂಡಿ ಒಂದು ಸುತ್ತು ತಿರುಗಿದರೆ ಕೊಳವೆ 19 ಮಿ.ಮೀ. ಓಡುತ್ತದೆ. ಹಾಗಾದರೆ 0.07ಕ್ಕೆ ಗುಂಡಿ ತಿರುಗಬೇಕಾದದ್ದು ಒಂದೂಕಾಲು ಡಿಗ್ರಿ ಚಿಲ್ಲರೆ. 30 ಮಿ.ಮೀ. ಗುಂಡಿಯ ಅಂಚಿನಲ್ಲಿ ಬೆರಳು ಮೂರನೇ ಒಂದು ಮಿ.ಮೀ. ಸರಿದರೆ ಮುಗಿಯಿತು. ಯಾರ ಬೆರಳಿಗೆ ಅದು ಸಾಧ್ಯ? ಬಟ್ಟೆ ಒಣಹಾಕುವ ಕ್ಲಿಪ್ಪು ತಂದು ಗುಂಡಿಗೆ ಸಿಕ್ಕಿಸಿ. ಕ್ಲಿಪ್ಪಿನ ಬಾಲ ನಡುವಿನಿಂದ 60 ಮಿ.ಮೀ. ದೂರ ಇದ್ದರೆ ಅದೇ ಚಲನೆಗೆ ಬೆರಳು ಒಂದೂವರೆ ಮಿ.ಮೀ. ಹತ್ತಿರ ಸರಿಯಬೇಕು. ಅದು ಆರಾಮಾಗಿ ಆಗುತ್ತದೆ. ಗುಂಡಿಯನ್ನು ಹಿಡಿಯದೆ ಬಾಲವನ್ನು ಒಂದು ಬೆರಳಲ್ಲಿ ತಳ್ಳುವುದರಿಂದ ಅಲ್ಲಾಟವೂ ಕಡಿಮೆ. ಇದು ಕ್ಲಿಪ್ಪಿನ ಕೆಲಸ, ದುಡ್ಡಿನ ಕೆಲಸ ಅಲ್ಲ.

ಸಂಜೆ ಬೆಟ್ಟದ ನೆತ್ತಿಯ ಮೇಲೆ ಇರುವ ಗ್ರಹವನ್ನು ನೋಡುತ್ತಿದ್ದರೆ ಫೋಕಸರ್ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ನಿಮ್ಮ ಬೆಟ್ಟ ಒಂದೇ ಬಂಡೆ, ಹಗಲೆಲ್ಲ ಕಾದು ರಾತ್ರಿ ಬಹಳ ಹೊತ್ತು ಬಿಸಿ ಬಿಡುತ್ತದೆ. ಅದರ ಮೇಲಿನ ಗಾಳಿ ಕುದಿಯುತ್ತಿರುತ್ತದೆ. ಮಾಳಿಗೆಯ ಕಾಂಕ್ರೀಟೂ ಅಷ್ಟೇ. ಕನ್ನಡಿ ಹೊರಗಿನ ತಂಪಿಗೆ ಬರಲು ಅರ್ಧ ಗಂಟೆ, ಮುಕ್ಕಾಲು ಗಂಟೆ ಮೊದಲೇ ಹೊರಗೆ ಇಡಿ. ಮಸುಕು ಒಂದೇ ಸಮ ಇದ್ದರೆ ಅದು ಫೋಕಸ್. ಕ್ಷಣ ಸ್ಪಷ್ಟ, ಕ್ಷಣ ಮಸುಕು ಆಗುತ್ತಿದ್ದರೆ ಅದು ಗಾಳಿ.

ತಂಗಿಯ ವಿಷಯ. ಮೈನಸ್ ಕಣ್ಣಿನವರಿಗೆ ಐಪೀಸು ಒಳಗೆ ಹೋಗಬೇಕು. ಎಷ್ಟು ಅಂದರೆ, ಐಪೀಸಿನ ಫೋಕಲ್ ಲೆಂತನ್ನು ಅದರಿಂದಲೇ ಗುಣಿಸಿ, ಕನ್ನಡಕದ ನಂಬರಿನಿಂದ ಗುಣಿಸಿ, ಸಾವಿರದಿಂದ ಭಾಗಿಸಿ. 25 ಗುಣಿಸು 25 ಗುಣಿಸು 4, ಅಂದರೆ 2500, ಉತ್ತರ 2.5 ಮಿ.ಮೀ. ನೀವು ಬಿಟ್ಟಿರುವ 10ರಲ್ಲಿ ಧಾರಾಳವಾಗಿ ಹಿಡಿಯುತ್ತದೆ. 10ರ ಐಪೀಸಿನಲ್ಲಿ 0.4 ಮಾತ್ರ. ಅಮ್ಮನಿಗೆ ದೂರದ ನೋಟ ಸರಿ ಇದೆ, ಓದಲು ಮಾತ್ರ ಕನ್ನಡಕ ಬೇಕು, ಅದಕ್ಕೇ ಅವರಿಗೆ ನಿಮ್ಮ ಫೋಕಸೇ ಆಯಿತು. ತಂಗಿ ಕನ್ನಡಕ ತೆಗೆದು ನೋಡಿ ತನಗೆ ಬೇಕಾದಂತೆ ತಿರುಗಿಸಿಕೊಳ್ಳಲಿ. ಅವರಿಗೆ ಸಿಲಿಂಡರ್ ನಂಬರು ಜಾಸ್ತಿ ಇದ್ದರೆ ಮಾತ್ರ ಕನ್ನಡಕ ಹಾಕಿಕೊಂಡೇ ನೋಡಬೇಕು, ಅದನ್ನು ಫೋಕಸರ್ ಸರಿಮಾಡುವುದಿಲ್ಲ.

ನಿಮಗೆ ಸ್ಪಷ್ಟ ಕಾಣುವ ಜಾಗದಲ್ಲಿ ಒಳಕೊಳವೆಯ ಮೇಲೆ ಸಣ್ಣ ಗೆರೆ ಎಳೆದುಬಿಡಿ, ತಂಗಿಯದು ಪಕ್ಕದಲ್ಲಿ ಇನ್ನೊಂದು. ಬೀದಿಯ ಮಕ್ಕಳಿಗೆ ತೋರಿಸುವಾಗ ಮೊದಲು ನಿಮ್ಮ ಗೆರೆಗೆ ತಂದು ಕೊಡಿ, ಅವರೇ ಸ್ವಲ್ಪ ಆಡಿಸಿಕೊಳ್ಳುತ್ತಾರೆ. 25 ತೆಗೆದು 10 ಹಾಕಿದಾಗ ಫೋಕಸರ್ ಯಾವ ಕಡೆ, ಎಷ್ಟು ಓಡಬೇಕಾಯಿತು ಅಂತ ವರ್ನಿಯರ್‌ನಲ್ಲಿ ನೋಡಿ ಬರೆಯಿರಿ. ಯಾವ ಐಪೀಸು ಹೊರಗೆ ಬರಬೇಕೋ ಅದರ ಬ್ಯಾರೆಲ್ಲಿಗೆ ಅಷ್ಟೇ ದಪ್ಪದ ಉಂಗುರ ಕಡೆದು ಕೊಡುತ್ತೇನೆ. ಆಮೇಲೆ ಐಪೀಸು ಬದಲಿಸಿದಾಗ ಫೋಕಸರ್ ಹೆಚ್ಚೂ ಕಡಿಮೆ ಮುಟ್ಟುವುದೇ ಬೇಡ.